ಸೆಕೆಂಡ್ ಹ್ಯಾಂಡ್ ಓಪನ್ ಟಾಪ್ ಕಾರು: ಗೇರ್ ನಮ್ಮ ಕೈಲಿರಲೋ, ಕಾರಿಗೇ ಬಿಡಲೋ?

ಪ್ರಶ್ನೆ: ನಾನು ದಾವಣಗೆರೆಯವನು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ, ವಯಸ್ಸು 46. ಎರಡು ಸೀಟಿನ ಓಪನ್ ಟಾಪ್ ಕಾರು ತಗೋಬೇಕು ಅನ್ನೋದು ಹಳೇ ಆಸೆ. ಬೆಂಗಳೂರಿನಲ್ಲಿ ಎರಡು ಗಾಡಿ ಗೊತ್ತುಮಾಡಿದ್ದೇನೆ. ಒಂದು 2007ರ ಬಿಎಂಡಬ್ಲ್ಯು ಝಡ್4 3.0ಎಸ್‌ಐ. ಆರು ಗೇರಿನ ಮ್ಯಾನುಯಲ್, ಬಟ್ಟೆಯ ಟಾಪ್. ಮೊದಲ ಮಾಲೀಕರು ವಿದೇಶದಿಂದ ತಂದದ್ದು. ಇನ್ನೊಂದು 2012ರ ಝಡ್4 35ಐ. ಆಟೊಮ್ಯಾಟಿಕ್, ಗಟ್ಟಿ ಟಾಪ್. ಇದರ ಬೆಲೆ ಜಾಸ್ತಿ, ಆದರೂ ಕೈಗೆಟುಕುತ್ತದೆ. ಭಾನುವಾರ ಓಡಿಸುವುದು, ವರ್ಷಕ್ಕೆ ಒಂದೆರಡು ಸಲ ಆಗುಂಬೆ ಕಡೆ ಹೋಗುವುದು, ಅಷ್ಟೇ ಬಳಕೆ. ಗೆಳೆಯರು ಸ್ಪೋರ್ಟ್ಸ್ ಕಾರು ಅಂದ್ರೆ ಮ್ಯಾನುಯಲ್ಲೇ ಅಂತಾರೆ. ಅಕ್ಕನ ಮಗ ‘ಈಗಿನ ಕಾಲದಲ್ಲಿ ಕ್ಲಚ್ ಯಾಕೆ ಮಾವ’ ಅಂತಾನೆ. ನನ್ನ ಮನೆಯವರು ಆಟೊಮ್ಯಾಟಿಕ್ ಮಾತ್ರ ಓಡಿಸುತ್ತಾರೆ. ಯಾವುದು ತಗೊಳ್ಳಲಿ ಸರ್?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈ ಎರಡರಲ್ಲಿ ಮ್ಯಾನುಯಲ್ ಗಾಡಿಯನ್ನೇ ಮೊದಲು ನೋಡಿ ಬನ್ನಿ. ಅದಕ್ಕೆ ಕಾರಣ ನಿಮ್ಮ ಗೆಳೆಯರು ಕೊಡುವ ಕಾರಣ ಅಲ್ಲ. ನೀವಿರುವುದು ದಾವಣಗೆರೆಯಲ್ಲಿ. ಕಾರು ವಾರಕ್ಕೆ ಆರು ದಿನ ನಿಂತೇ ಇರುತ್ತದೆ. ಜೊತೆಗೆ ಆ 35ಐನಲ್ಲಿರುವ ಆಟೊಮ್ಯಾಟಿಕ್ ಒಂದು ವಿಶೇಷ ಜಾತಿಯದು. ಈ ಮೂರನ್ನೂ ಸೇರಿಸಿ ನೋಡಿದರೆ ನನ್ನ ಮನಸ್ಸು ಮ್ಯಾನುಯಲ್ ಕಡೆಗೇ ಹೋಗುತ್ತದೆ. ಆದರೆ ಅದಕ್ಕೆ ಷರತ್ತುಗಳಿವೆ. ನಿಮ್ಮ ಮನೆಯವರೂ ಆಗಾಗ ಓಡಿಸುವುದು ಖಚಿತವಾದರೆ ನನ್ನ ಉತ್ತರವೇ ಬೇರೆ. ಅದನ್ನೂ ಮುಂದೆ ಹೇಳುತ್ತೇನೆ.

ಆಟೊಮ್ಯಾಟಿಕ್ ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದರೊಳಗೆ, ಇಂಥ ಕಾರುಗಳಲ್ಲಿ, ಮೂರು ಬೇರೆ ಬೇರೆ ಯಂತ್ರಗಳಿವೆ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವವರು ಎಡವುವುದು ಇಲ್ಲೇ. ಮೊದಲನೆಯದು ಹಳೇ ಕಾಲದಿಂದ ಬಂದ ಟಾರ್ಕ್ ಕನ್ವರ್ಟರ್. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಎಣ್ಣೆಯ ಹರಿವಿನಲ್ಲೇ ಶಕ್ತಿ ಸಾಗುತ್ತದೆ. ಹೊರಡುವಾಗ ಒಂದಕ್ಕೊಂದು ಉಜ್ಜಿ ಸವೆಯುವ ಕ್ಲಚ್ ಅಲ್ಲಿ ಇಲ್ಲ. ಹಾಗಾಗಿ ಟ್ರಾಫಿಕ್ಕಿನಲ್ಲಿ ಅಂಗುಲ ಅಂಗುಲ ತೆವಳಿದರೂ ತಡೆದುಕೊಳ್ಳುತ್ತದೆ. ಎರಡನೆಯದು ಡ್ಯುಯಲ್ ಕ್ಲಚ್. ಒಂದು, ಮೂರು, ಐದು, ಏಳನೇ ಗೇರಿಗೆ ಒಂದು ಕ್ಲಚ್. ಎರಡು, ನಾಲ್ಕು, ಆರಕ್ಕೆ ಇನ್ನೊಂದು. ನೀವು ಮೂರನೇ ಗೇರಿನಲ್ಲಿ ಹೋಗುತ್ತಿರುವಾಗಲೇ ಮುಂದಿನ ಗೇರ್ ತಯಾರಾಗಿ ಕೂತಿರುತ್ತದೆ. ಒಂದು ಕ್ಲಚ್ ಬಿಡುವುದೂ ಇನ್ನೊಂದು ಹಿಡಿಯುವುದೂ ಒಟ್ಟಿಗೇ ಆಗುವುದರಿಂದ ಎಳೆತ ಕಡಿಯುವುದೇ ಇಲ್ಲ. 80ರ ದಶಕದಲ್ಲಿ ಪೋರ್ಷೆ ತನ್ನ 962 ರೇಸ್ ಕಾರಿನಲ್ಲಿ ಇದನ್ನು ಓಡಿಸಿ ನೋಡಿತ್ತು. ಮಾರಾಟದ ಕಾರುಗಳಿಗೆ ಬಂದದ್ದು 2003ರಲ್ಲಿ, ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್32 ಮತ್ತು ಆಡಿ ಟಿಟಿ ಮೂಲಕ. ನಿಮ್ಮ 2012ರ 35ಐನಲ್ಲಿರುವುದು ಇದೇ ಜಾತಿಯ ಏಳು ಗೇರಿನ ಪೆಟ್ಟಿಗೆ.

ಮೂರನೆಯದರಿಂದ ದೂರ ಇರಿ. ಅದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಕೆಲಸ ಮಾತ್ರ ಹೈಡ್ರಾಲಿಕ್ ಪಂಪು ಮಾಡುತ್ತದೆ. ಬಿಎಂಡಬ್ಲ್ಯು ಇದನ್ನು ಎಸ್‌ಎಂಜಿ ಅಂತ ಕರೆದು 2006ಕ್ಕಿಂತ ಹಿಂದಿನ ಕೆಲವು ಝಡ್4ಗಳಲ್ಲಿ ಹಾಕಿತ್ತು. ಪಂಪು ಕೆಟ್ಟರೆ ಗೇರೇ ಬೀಳುವುದಿಲ್ಲ. ಇಂಥ ಗಾಡಿಯನ್ನೂ ಬ್ರೋಕರ್‌ಗಳು ಆಟೊಮ್ಯಾಟಿಕ್ ಅಂತಲೇ ತೋರಿಸುತ್ತಾರೆ. ಗುರುತು ಹಿಡಿಯುವುದು ಸುಲಭ. ಗೇರ್ ಲಿವರಿನ ಮೇಲೆ ಪಾರ್ಕಿಂಗಿನ ‘ಪಿ’ ಇರುವುದಿಲ್ಲ.

ಈಗ ನಿಮ್ಮ 35ಐ ವಿಷಯ. ಓಡಿಸಿದರೆ ಅದು ನಿಮ್ಮನ್ನು ಅಲ್ಲೇ ಮರುಳು ಮಾಡುತ್ತದೆ, ಅನುಮಾನ ಬೇಡ. 306 ಹಾರ್ಸ್‌ಪವರ್, ಎರಡು ಟರ್ಬೊ, ಸ್ಟಿಯರಿಂಗಿನಲ್ಲೇ ಇರುವ ಗೇರ್ ಪ್ಯಾಡಲ್ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಗೇರ್. ಸೊನ್ನೆಯಿಂದ ನೂರಕ್ಕೆ 5.1 ಸೆಕೆಂಡು ಅಂತ ಕಂಪನಿಯ ಲೆಕ್ಕ. ಅದೇ ಕಾರಿನ ಮ್ಯಾನುಯಲ್ಲಿಗೆ 5.2. ವ್ಯತ್ಯಾಸ ಸೆಕೆಂಡಿನ ಹತ್ತನೇ ಒಂದು ಭಾಗ. ಹಾಗಾಗಿ ಯಾರಾದರೂ ಆಟೊಮ್ಯಾಟಿಕ್ ಸ್ಲೋ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಆ ಮಾತು ಹಳೇ ಕಾಲದ ನಾಲ್ಕು ಗೇರಿನ ಆಟೊಮ್ಯಾಟಿಕ್‌ಗಳಿಗೆ ಸರಿ.

ನನ್ನ ಚಿಂತೆ ಬೇರೆ. ಈ ಪೆಟ್ಟಿಗೆಯ ಒಳಗೆ ಮೆಕಾಟ್ರಾನಿಕ್ ಅನ್ನುವ ಒಂದು ಭಾಗ ಇದೆ. ಎಣ್ಣೆಯ ದಾರಿಗಳು, ವಾಲ್ವುಗಳು, ಸೆನ್ಸರುಗಳು, ಕಂಪ್ಯೂಟರ್ ಎಲ್ಲ ಒಟ್ಟಿಗೆ. ಇದರಲ್ಲಿ ತೊಂದರೆ ಬಂದರೆ ನಮ್ಮ ಊರಿನ ಒಳ್ಳೇ ಮೇಸ್ತ್ರಿ ಕೂಡ ಬಿಚ್ಚಲು ಧೈರ್ಯ ಮಾಡುವುದಿಲ್ಲ, ಮಾಡಲೂಬಾರದು. ಕಂಪನಿಯ ಡಯಾಗ್ನೋಸ್ಟಿಕ್ ಸಾಫ್ಟ್‌ವೇರ್ ಬೇಕು. ಬಿಚ್ಚಿ ಜೋಡಿಸಿದ ಮೇಲೆ ಕ್ಲಚ್ ಎಲ್ಲಿ ಹಿಡಿಯಬೇಕು ಅಂತ ಕಾರಿಗೆ ಹೊಸದಾಗಿ ಕಲಿಸಬೇಕು. ಅಂದರೆ ಫ್ಲಾಟ್‌ಬೆಡ್ ಟ್ರಕ್ಕಿನ ಮೇಲೆ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಬೆಂಗಳೂರಿನಲ್ಲೇ ಇರುವವರಿಗೆ ಇದು ಅಷ್ಟು ದೊಡ್ಡ ತಲೆನೋವಲ್ಲ. ನಿಮಗೆ ದೊಡ್ಡದೇ.

ನಿಂತ ಕಾರಿನ ಬ್ಯಾಟರಿ ಇನ್ನೊಂದು ವಿಷಯ. ವಾರಗಟ್ಟಲೆ ಓಡಿಸದಿದ್ದರೆ ಬ್ಯಾಟರಿ ಇಳಿಯುತ್ತದೆ. ಈ ಡ್ಯುಯಲ್ ಕ್ಲಚ್ ಪೆಟ್ಟಿಗೆಯಲ್ಲಿ ಪಾರ್ಕಿಂಗ್ ಲಾಕ್ ಬಿಡಲು ಕರೆಂಟು ಬೇಕು. ಬ್ಯಾಟರಿ ಸತ್ತರೆ ಕಾರು ಪಾರ್ಕಿಂಗಿನಲ್ಲೇ ಲಾಕ್. ತಳ್ಳಿದರೆ ಹಿಂದಿನ ಚಕ್ರ ತಿರುಗುವುದೇ ಇಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಎರಡು ಕಂಬಗಳ ನಡುವೆ, ಮೂತಿ ಗೋಡೆಗೆ ಇಟ್ಟು ನಿಲ್ಲಿಸಿದ ಇಂಥ ಒಂದು ಕಾರನ್ನು ಹೊರಗೆ ತೆಗೆಯಲು ನಾನು ಹೋಗಿದ್ದೆ. ಬೋನೆಟ್ ತೆಗೆದು ಬೇರೆ ಬ್ಯಾಟರಿಯಿಂದ ಕರೆಂಟು ಕೊಟ್ಟ ಮೇಲೆಯೇ ಅದು ಅಲುಗಾಡಿದ್ದು. ಮ್ಯಾನುಯಲ್ ಆಗಿದ್ದರೆ ನ್ಯೂಟ್ರಲ್ ಮಾಡಿ ಇಬ್ಬರು ತಳ್ಳಿದರೆ ಮುಗಿಯಿತು. ನೀವು 35ಐ ತಗೊಂಡರೆ ಅದರ ಜೊತೆಗೇ ಬ್ಯಾಟರಿಗೆ ಹಾಕಿಡುವ ಟ್ರಿಕಲ್ ಚಾರ್ಜರ್ ಕೂಡ ತಗೊಳ್ಳಿ, ಮರೆಯಬೇಡಿ.

ಇನ್ನು ಓಡಿಸುವ ಖುಷಿ. ನಮ್ಮ ಎನ್‌ಎಚ್‌-48 ಅಗಲವಾಗಿದೆ, ನೇರವಾಗಿದೆ. ಭಾನುವಾರ ಬೆಳಿಗ್ಗೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣಿಸುತ್ತವಲ್ಲ, ಟಾಪ್ ತೆಗೆದು ಹೋಗಲು ಅದಕ್ಕಿಂತ ಚೆಂದದ ದಾರಿ ಬೇಕಾ? ಆದರೆ ಕೇಂದ್ರ ಸರ್ಕಾರ 2018ರಲ್ಲಿ ಇಂಥ ಹೆದ್ದಾರಿಗಳಿಗೆ ಇಟ್ಟ ಗರಿಷ್ಠ ಮಿತಿ ಗಂಟೆಗೆ 100 ಕಿಲೋಮೀಟರ್. 35ಐ ಅಲ್ಲಿಗೆ ಐದು ಸೆಕೆಂಡಿನಲ್ಲಿ ಮುಟ್ಟುತ್ತದೆ. ಆಮೇಲೆ ನಿಮಗೂ ಗೇರ್‌ಬಾಕ್ಸಿಗೂ ಕೆಲಸವೇ ಇಲ್ಲ. ಸುಮ್ನೆ ಕೂತು ಹೋಗುವುದು. ಅದೂ ಸುಖವೇ, ಇಲ್ಲ ಅನ್ನುವುದಿಲ್ಲ.

ಮ್ಯಾನುಯಲ್ಲಿನ ರುಚಿ ಗೊತ್ತಾಗುವುದು ಕಡಿಮೆ ಸ್ಪೀಡಿನ ದಾರಿಯಲ್ಲಿ. ದಾವಣಗೆರೆಯಿಂದ ಸಂತೇಬೆನ್ನೂರು ಮೇಲೆ ಸೂಳೆಕೆರೆಗೆ ಹೋಗುವ ರಸ್ತೆ ನೆನಪಿಸಿಕೊಳ್ಳಿ. ತಿರುವು, ಊರು, ಹಂಪು, ಮತ್ತೆ ತಿರುವು. ಅರವತ್ತು ಎಪ್ಪತ್ತರ ಸ್ಪೀಡಿನಲ್ಲೇ ಎರಡು, ಮೂರು, ನಾಲ್ಕು ಅಂತ ಕೈ ಕಾಲಿಗೆ ಕೆಲಸ ಇರುತ್ತದೆ. 3.0ಎಸ್‌ಐನಲ್ಲಿರುವುದು ಟರ್ಬೊ ಇಲ್ಲದ ಆರು ಸಿಲಿಂಡರಿನ ಇಂಜಿನ್, 265 ಹಾರ್ಸ್‌ಪವರ್. ಆರ್‌ಪಿಎಂ ಏರಿದಷ್ಟೂ ಅದರ ದನಿ ಬದಲಾಗುತ್ತದೆ. ಟಾಪ್ ತೆಗೆದಾಗ ಆ ದನಿ ನೇರವಾಗಿ ಕಿವಿಗೆ ಬೀಳುತ್ತದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಆಕ್ಸಿಲರೇಟರನ್ನು ಚೂರೇ ಚೂರು ತಟ್ಟಿ ಕ್ಲಚ್ ಬಿಟ್ಟರೆ, ಒಂದು ಜರ್ಕೂ ಇಲ್ಲದೆ ಗೇರ್ ಕೂರುತ್ತದೆ. ಅದು ಸರಿಯಾಗಿ ಬಂದ ದಿನ ಮನೆಗೆ ಬಂದ ಮೇಲೂ ಖುಷಿ ಇಳಿಯುವುದಿಲ್ಲ. ಈ ಖುಷಿಗೆ ನೂರು ದಾಟಬೇಕಾಗಿಲ್ಲ. ಅದಕ್ಕೇ ನಮ್ಮ ರಸ್ತೆಗಳಿಗೆ ಮ್ಯಾನುಯಲ್ ಹೊಂದುತ್ತದೆ ಅಂತ ನಾನು ಮನಸಾರೆ ನಂಬುತ್ತೇನೆ. ಅದರ ಮೇಲೆ ಕಾರಿನ ತೂಕದ ಲೆಕ್ಕವೂ ಇದೆ. ಹಳೇ ಝಡ್4 1,300ರಿಂದ 1,400 ಕೆಜಿ ಒಳಗೆ. ಗಟ್ಟಿ ಟಾಪಿನ ಹೊಸದು 1,600ರ ಆಸುಪಾಸು. ತಿರುವಿನಲ್ಲಿ ಈ ವ್ಯತ್ಯಾಸ ಸ್ಟಿಯರಿಂಗಿನಲ್ಲೇ ಗೊತ್ತಾಗುತ್ತದೆ.

ಆಗುಂಬೆ ಬಗ್ಗೆ ಕೇಳಿದ್ದೀರಿ. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮ್ಯಾನುಯಲ್ಲಿನಲ್ಲಿ ಇಳಿಯುವಾಗ ಎರಡನೇ ಗೇರಿನಲ್ಲಿ ಬಿಟ್ಟರೆ ಇಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿಗೆ ಹೊರೆ ಬೀಳುವುದಿಲ್ಲ. 35ಐನಲ್ಲೂ ಇದು ಸಾಧ್ಯ, ಆದರೆ ಲಿವರನ್ನು ಡ್ರೈವ್‌ನಲ್ಲೇ ಬಿಡಬೇಡಿ. ಮ್ಯಾನುಯಲ್ ಮೋಡ್‌ಗೆ ಹಾಕಿ ಪ್ಯಾಡಲಿನಿಂದ ಎರಡನೇ ಗೇರ್ ಹಿಡಿದಿಟ್ಟುಕೊಳ್ಳಿ. ಹತ್ತುವಾಗ ಮುಂದಿನ ಬಸ್ಸು ನಿಂತರೆ, ಆಕ್ಸಿಲರೇಟರ್ ಒತ್ತಿಕೊಂಡು ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿಕೊಳ್ಳುವ ಅಭ್ಯಾಸ ಬೇಡವೇ ಬೇಡ. ಆಗ ಕ್ಲಚ್ ಜಾರುತ್ತಾ ಬಿಸಿಯಾಗುತ್ತದೆ. ಬ್ರೇಕ್ ಒತ್ತಿ ನಿಲ್ಲಿ. ಮ್ಯಾನುಯಲ್ಲಿಗೂ ಇದೇ ಮಾತು. ಅರ್ಧ ಕ್ಲಚ್ಚಿನಲ್ಲಿ ನಿಲ್ಲಿಸುವವರ ಕ್ಲಚ್ ಪ್ಲೇಟ್ ಉಳಿಯುವುದಿಲ್ಲ.

ಪಿ.ಬಿ. ರಸ್ತೆಯ ಸಂಜೆ ಟ್ರಾಫಿಕ್, ಮಂಡಿಪೇಟೆಯ ಇಕ್ಕಟ್ಟು, ಇವುಗಳಲ್ಲಿ ಮ್ಯಾನುಯಲ್ ಕಷ್ಟವೇ. ಆದರೆ ಭಾನುವಾರದ ಕಾರನ್ನು ನೀವು ಸೋಮವಾರ ಸಂಜೆ ಮಂಡಿಪೇಟೆಗೆ ಒಯ್ಯುವುದಿಲ್ಲ ಅಲ್ವಾ? ಎಡಗಾಲಿನ ಮಂಡಿ ನೋವಿದ್ದರೆ ಮಾತ್ರ ಯೋಚಿಸಿ. ಕಾರು ನೋಡಲು ಹೋದಾಗ ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಅರ್ಧ ಗಂಟೆ ಓಡಿಸಿ. ಇಳಿದಾಗ ಮಂಡಿ ಏನು ಹೇಳುತ್ತದೆ ಕೇಳಿ.

ಮೈಲೇಜಿನ ಲೆಕ್ಕ ಇಲ್ಲಿ ಬೇಡ. ವರ್ಷಕ್ಕೆ ಕೆಲವೇ ಸಾವಿರ ಕಿಲೋಮೀಟರ್ ಓಡುವ ಕಾರಿಗೆ ಅದು ದೊಡ್ಡ ವಿಷಯವಲ್ಲ.

ಮರುಮಾರಾಟದ ವಿಷಯಕ್ಕೆ ಬಂದರೆ ನಿಮ್ಮ ಅಕ್ಕನ ಮಗನ ಮಾತಿನಲ್ಲಿ ಅರ್ಧ ಸತ್ಯ ಇದೆ. ನಮ್ಮ ದೇಶದಲ್ಲಿ ಓಪನ್ ಟಾಪ್ ಕಾರು ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಆಟೊಮ್ಯಾಟಿಕ್. ಹಾಗಾಗಿ 35ಐ ಬೇಗ ಹೋಗುತ್ತದೆ. ಮ್ಯಾನುಯಲ್ಲಿಗೆ ಗಿರಾಕಿ ಕಡಿಮೆ, ಆದರೆ ಬಂದವನು ಅದನ್ನೇ ಹುಡುಕಿಕೊಂಡು ಬಂದಿರುತ್ತಾನೆ. ಬಿಎಂಡಬ್ಲ್ಯು 2025ರಲ್ಲಿ ಹೊಸ ಝಡ್4 ಎಂ40ಐಯನ್ನು ಆರು ಗೇರಿನ ಮ್ಯಾನುಯಲ್ಲಿನಲ್ಲಿ ನಮ್ಮ ದೇಶಕ್ಕೆ ತಂದಿತು. ಇಂಥದ್ದನ್ನು ಕೇಳುವ ಜನ ಇದ್ದಾರೆ ಅಂತ ಕಂಪನಿಗೂ ಗೊತ್ತು.

ಈಗ ಮುಖ್ಯ ಕೆಲಸ, ಮ್ಯಾನುಯಲ್ ಗಾಡಿಯನ್ನು ಪರೀಕ್ಷೆ ಮಾಡುವುದು. ಇದು ಸರಿಬರದಿದ್ದರೆ ನಾನು ಮೇಲೆ ಹೇಳಿದ್ದೆಲ್ಲ ವ್ಯರ್ಥ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಹೋಗಿ. ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿ ಬಿಟ್ಟು, ಕಿಟಕಿ ಇಳಿಸಿ ಕಿವಿಗೊಡಿ. ಕೆಳಗಿನಿಂದ ಲೊಡಲೊಡ ಸದ್ದು ಬರುತ್ತಿದೆಯಾ? ಕ್ಲಚ್ ಒತ್ತಿದಾಗ ಸದ್ದು ಬದಲಾಗುತ್ತದೆಯಾ? ಹಾಗಾದರೆ ಡ್ಯುಯಲ್ ಮಾಸ್ ಫ್ಲೈವೀಲ್ (ಇಂಜಿನ್ನಿಗೂ ಕ್ಲಚ್ಚಿಗೂ ನಡುವೆ ಇರುವ ಭಾರದ ಚಕ್ರ) ಅಥವಾ ಬೇರಿಂಗ್ ಮೇಲೆ ಅನುಮಾನ. ಫ್ಲೈವೀಲ್ ಅಂದರೆ ಬರೀ ಕ್ಲಚ್ ಪ್ಲೇಟಿನ ಖರ್ಚಲ್ಲ, ಅದಕ್ಕಿಂತ ಬಹಳ ಜಾಸ್ತಿ.

ಆಮೇಲೆ ಹೊರಡಿ. ಇನ್ನೂ ತಣ್ಣಗಿರುವಾಗಲೇ ಒಂದರಿಂದ ಎರಡಕ್ಕೆ ನಿಧಾನವಾಗಿ ಹಾಕಿ. ಕರ್ ಅಂತ ಉಜ್ಜಿದರೆ ಗೇರ್ ಉಜ್ಜದೆ ಕೂರಲು ನೆರವಾಗುವ ಸಿಂಕ್ರೊ ರಿಂಗ್ ಸವೆದಿದೆ. ಬಿಸಿಯಾದ ಮೇಲೆ ಈ ಸದ್ದು ಮುಚ್ಚಿಹೋಗಬಹುದು. ಮಾರುವವರು ನೀವು ಬರುವ ಮುಂಚೆಯೇ ಒಂದು ರೌಂಡ್ ಹೊಡೆಸಿ ಬಿಸಿ ಮಾಡಿಟ್ಟಿದ್ದರೆ ಅದಕ್ಕೇ ಎಚ್ಚರ ಬೇಕು. ಬೋನೆಟ್ ಮುಟ್ಟಿ ನೋಡಿ, ಗೊತ್ತಾಗುತ್ತದೆ.

ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಐವತ್ತರ ಸ್ಪೀಡಿಗೆ ಬನ್ನಿ. ಅಲ್ಲಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳೂ ಸ್ಪೀಡಿನ ಮುಳ್ಳೂ ಜೊತೆಜೊತೆಗೆ ಏರಬೇಕು. ಆರ್‌ಪಿಎಂ ಮಾತ್ರ ಹಾರಿ, ಕಾರು ಅಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಅದೊಂದೇ ದೋಷ ಆದರೆ ಗಾಡಿ ಬಿಡಬೇಡಿ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಸೆಟ್ಟಿನ ಖರ್ಚನ್ನು ಮೊದಲೇ ಕೇಳಿ ತಿಳಿದುಕೊಂಡು ಬೆಲೆಯಲ್ಲಿ ಕಳೆಯಿರಿ. ಸೆಟ್ಟು ತರಿಸಿಕೊಟ್ಟರೆ ಇದನ್ನು ದಾವಣಗೆರೆಯ ಪಳಗಿದ ಮೇಸ್ತ್ರಿಯೇ ಹಾಕಬಲ್ಲ. ಸಿಂಕ್ರೊ ಹೋಗಿದ್ದರೆ ಮಾತ್ರ ಗೇರ್‌ಬಾಕ್ಸ್ ಒಳಗೆ ಕೈ ಹಾಕಬೇಕು. ಆಗ ಬೇರೆ ಗಾಡಿ ನೋಡಿ.

35ಐಯನ್ನೂ ನೋಡಿಬರುವುದಾದರೆ ಒಂದು ಪರೀಕ್ಷೆ ತಪ್ಪದೆ ಮಾಡಿ. ಬೇಸ್‌ಮೆಂಟ್ ರ‍್ಯಾಂಪಿನಂಥ ಏರಿನಲ್ಲಿ ಪೂರ್ತಿ ನಿಲ್ಲಿಸಿ, ನಡೆಯುವ ವೇಗದಲ್ಲಿ ಹತ್ತಿಸಿ. ನಡುಕ ಬರಬಾರದು, ಧಡ್ ಅಂತ ಹಿಡಿಯಬಾರದು. ಡ್ರೈವ್‌ನಿಂದ ರಿವರ್ಸಿಗೆ, ರಿವರ್ಸಿನಿಂದ ಡ್ರೈವ್‌ಗೆ ಹಾಕಿದಾಗ ತಡವಾಗಬಾರದು. ಡಯಾಗ್ನೋಸ್ಟಿಕ್ ಸ್ಕ್ಯಾನ್ ಮಾಡಿಸದೆ ಅಡ್ವಾನ್ಸ್ ಕೊಡಬೇಡಿ. ಗೇರ್‌ಬಾಕ್ಸ್ ಎಣ್ಣೆ ಯಾವಾಗ ಬದಲಾಯಿಸಿದರು ಅಂತ ಬಿಲ್ಲು ಕೇಳಿ. ‘ಅದು ಲೈಫ್‌ಟೈಮ್ ಆಯಿಲ್ ಸರ್, ಬದಲಾಯಿಸೋ ಹಾಗೇ ಇಲ್ಲ’ ಅಂತ ಹೇಳಬಹುದು. ನಂಬಬೇಡಿ. ಬಿಎಂಡಬ್ಲ್ಯುಗೇ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಮಾಡಿಕೊಡುವ ಝಡ್‌ಎಫ್ ಕಂಪನಿ ತನ್ನ ಪೆಟ್ಟಿಗೆಗಳಿಗೆ 80,000ದಿಂದ 1,20,000 ಕಿಲೋಮೀಟರ್ ಅಥವಾ 8 ವರ್ಷಕ್ಕೆ ಎಣ್ಣೆ ಬದಲಾಯಿಸಿ ಅಂತ ಹೇಳುತ್ತದೆ. ಡ್ಯುಯಲ್ ಕ್ಲಚ್ಚಿನ ಎಣ್ಣೆ ಇದಕ್ಕಿಂತ ಹೆಚ್ಚು ಬಾಳುತ್ತದೆ ಅಂತ ನಂಬಲು ಕಾರಣವೇ ಇಲ್ಲ. ಅದರಲ್ಲೂ ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ. ಇನ್ನೊಂದು ಮಾತು, ಎಣ್ಣೆ ಆಯಾ ಪೆಟ್ಟಿಗೆಗೆ ಹೇಳಿದ್ದೇ ಆಗಬೇಕು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಆಟೊಮ್ಯಾಟಿಕ್ ಎಣ್ಣೆ ಹಾಕಿದರೆ ಪೆಟ್ಟಿಗೆ ಹಾಳಾದ ಹಾಗೆಯೇ.

ಇನ್ನು ನಿಮ್ಮ ಮನೆಯವರ ವಿಷಯ. ಅವರು ಯಾವಾಗಲೋ ಒಮ್ಮೆ ಆಸೆಗೆ ಓಡಿಸುತ್ತಾರೆ ಅಂದರೆ, ಮ್ಯಾನುಯಲ್ ಕಲಿಯುವುದು ದೊಡ್ಡ ಮಾತಲ್ಲ. ಆದರೆ ಕಲಿಯುವುದು ಬೇರೆ ಕಾರಿನಲ್ಲಿ ಆಗಲಿ, ಇದರ ಕ್ಲಚ್ಚಿನ ಮೇಲೆ ಬೇಡ. ಇಬ್ಬರೂ ಸಮಸಮ ಓಡಿಸುತ್ತೀರಿ ಅಂದರೆ ಆಟೊಮ್ಯಾಟಿಕ್ಕೇ ತಗೊಳ್ಳಿ. ಅವರನ್ನು ಪಕ್ಕದ ಸೀಟಿನಲ್ಲೇ ಕೂರಿಸಿಬಿಡುವ ಕಾರು ಮನೆಗೆ ಬೇಡ. ಆದರೆ ಆಗಲೂ 35ಐಗಿಂತ ಮೊದಲು ಟಾರ್ಕ್ ಕನ್ವರ್ಟರ್ ಇರುವುದನ್ನು ಹುಡುಕಿ. 2011ರಲ್ಲಿ ನಮ್ಮಲ್ಲಿಗೆ ಬಂದ ಮರ್ಸಿಡಿಸ್ ಎಸ್‌ಎಲ್‌ಕೆ 350 ನಿಮ್ಮ ಲೆಕ್ಕಕ್ಕೆ ಹೊಂದುತ್ತದೆ. ಟರ್ಬೊ ಇಲ್ಲದ ವಿ6, ಅದಕ್ಕೂ 306 ಹಾರ್ಸ್‌ಪವರ್, ಏಳು ಗೇರ್, ಮಡಚುವ ಗಟ್ಟಿ ಟಾಪ್. ಈ ಗೇರ್‌ಬಾಕ್ಸ್ ವಂಶಕ್ಕೂ ಒಂದು ಕಾಯಿಲೆ ಇದೆ. ಒಳಗಿನ ಎಲೆಕ್ಟ್ರಾನಿಕ್ ಪ್ಲೇಟಿನ ಸ್ಪೀಡ್ ಸೆನ್ಸರ್ ಕೈಕೊಟ್ಟರೆ ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ನಿಧಾನಕ್ಕೆ ಓಡುತ್ತದೆ. ಸ್ಕ್ಯಾನ್‌ನಲ್ಲಿ ಇದರ ಹಳೇ ದೂರು ಸಿಗುತ್ತದೆ. ಪೋರ್ಷೆ ಬಾಕ್ಸ್‌ಸ್ಟರ್ ಸಿಕ್ಕರೆ ವರ್ಷ ನೋಡಿ. 2009ರ ಮಾಡೆಲ್‌ಗಿಂತ ಹಿಂದಿನದರಲ್ಲಿ ಟಾರ್ಕ್ ಕನ್ವರ್ಟರಿನ ಟಿಪ್‌ಟ್ರಾನಿಕ್ ಇರುತ್ತದೆ. ಆಮೇಲಿನದು ಪಿಡಿಕೆ, ಅಂದರೆ ಡ್ಯುಯಲ್ ಕ್ಲಚ್.

ಕೊನೆಗೆ 2007ರ ಗಾಡಿಯ ಕಾಗದ. ಅದಕ್ಕೆ 15 ವರ್ಷ ದಾಟಿದೆ. ಆರ್‌ಸಿ ನವೀಕರಣ ಆಗಿದೆಯಾ, ಎಲ್ಲಿಯವರೆಗೆ ಇದೆ ನೋಡಿ. ಇಂಪೋರ್ಟ್ ಆದ ಕಾರಿಗೆ ಈ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 40,000 ರೂಪಾಯಿ. 20 ವರ್ಷ ದಾಟಿದ ಇಂಪೋರ್ಟೆಡ್ ಕಾರಿಗೆ 2025ರ ಆಗಸ್ಟ್‌ನ ಆದೇಶದಂತೆ 80,000. ಇದನ್ನೂ ಬೆಲೆಯ ಮಾತಿನಲ್ಲಿ ಸೇರಿಸಿ. ವಿದೇಶದಿಂದ ತಂದಾಗಿನ ಕಸ್ಟಮ್ಸ್ ಕಾಗದ ಮೂಲ ಪ್ರತಿಯಲ್ಲೇ ಇರಬೇಕು. ಇಲ್ಲದಿದ್ದರೆ ಗೇರ್‌ಬಾಕ್ಸ್ ಎಷ್ಟೇ ಚೆನ್ನಾಗಿದ್ದರೂ ವಾಪಸ್ ಬನ್ನಿ.

ಹಾಗೇ ಬಟ್ಟೆ ಟಾಪನ್ನು ಮೂರ‍್ನಾಲ್ಕು ಸಲ ತೆಗೆದು ಹಾಕಿಸಿ. ಈ ಮಾಡೆಲ್‌ನಲ್ಲಿ ಟಾಪಿನ ನೀರು ಹೋಗುವ ಕೊಳವೆ ಕಟ್ಟಿಕೊಂಡರೆ ಟಾಪ್ ಎತ್ತುವ ಮೋಟರು ನೀರಿನಲ್ಲಿ ನೆನೆದು ಸಾಯುತ್ತದೆ. ಸುಗ್ಗಿಯಲ್ಲಿ ರಸ್ತೆ ತುಂಬ ಮೆಕ್ಕೆಜೋಳದ ಹೊಟ್ಟು ಹಾರುವ ನಮ್ಮ ಕಡೆ ಅದು ಕಟ್ಟಿಕೊಳ್ಳುವುದು ಇನ್ನೂ ಬೇಗ. ಗಾಡಿ ತಂದ ಮೇಲೆ ಮಳೆಗಾಲಕ್ಕೆ ಮುಂಚೆ ಒಮ್ಮೆ ಆ ಕೊಳವೆ ಕ್ಲೀನ್ ಮಾಡಿಸಿ. ಸ್ಟೆಪ್ನಿಯೂ ಇರುವುದಿಲ್ಲ, ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲಾಟ್ ಟೈರುಗಳು. ಅವುಗಳ ಮೇಲಿನ ತಯಾರಿಕೆ ವರ್ಷ ಓದಿ ನೋಡಿ. ನೋಡಲು ಹೋಗುವ ಹಿಂದಿನ ರಾತ್ರಿಯೇ ಮಾಲೀಕರಿಗೆ ಫೋನ್ ಮಾಡಿ, ‘ಬೆಳಿಗ್ಗೆ ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳಿಬಿಡಿ.